ಡಾಕ್ಟರ ದನಿಯಲ್ಲಿ ತೀರ್ಥಹಳ್ಳಿಗೆ

ಮೊದಲೇ ಹೇಳಿಬಿಡುತ್ತೇನೆ: ತೀರ್ಥಹಳ್ಳಿಯ ಕಬಡ್ಡಿ ಪಂದ್ಯಕ್ಕೆ ನಮ್ಮ ತಿಮ್ಮಪ್ಪ ಊದಿದ ಕಾಲಿನಲ್ಲೇ ಇಳಿದದ್ದಕ್ಕೆ ಡಾಕ್ಟರು ಕಾರಣರಲ್ಲ, ನಾನು. ಸಾಗರದಲ್ಲಿ ಬೇರೆ ಬೇರೆ ಕಥೆಗಳು ಓಡಾಡುತ್ತಿರುವುದರಿಂದ ಹೊರಟಲ್ಲಿಂದಲೇ ಬರೆಯುತ್ತೇನೆ.

ಚಳಿಗಾಲದ ಕ್ರೀಡಾಕೂಟವೆಂದರೆ ಹೊರದೇಶಗಳಲ್ಲಿ ಹಿಮದ ಮೇಲೆ ಜಾರುತ್ತಾರಂತೆ. ನಮ್ಮಲ್ಲಿ ಪುಷ್ಯಮಾಸದ ಬೆಳಗ್ಗೆ ತುಂಗೆಯ ಮರಳಿನ ಮೇಲೆ ಚಡ್ಡಿಯಲ್ಲಿ ನಿಲ್ಲುತ್ತಾರೆ. ಹಲ್ಲು ಕಟಕಟ ಅನ್ನುವುದು ಎರಡೂ ಕಡೆ ಒಂದೇ. ಈ ಸಲ ರಾಜ್ಯದ ತಂಡಕ್ಕೆ ಆಟಗಾರರನ್ನು ಆರಿಸುವ ಸಾಹೇಬರು ಬರುತ್ತಾರೆಂದು ಸುದ್ದಿಯಾಗಿ, ನಮ್ಮ ತಂಡಕ್ಕೆ ವೈದ್ಯಕೀಯ ವಿಭಾಗವೊಂದು ಹುಟ್ಟಿಕೊಂಡಿತು. ಪದ್ಮಯ್ಯ ಡಾಕ್ಟರು ಅದರ ಮುಖ್ಯಸ್ಥರು. ಮಿಕ್ಕ ವಿಭಾಗವೆಲ್ಲ ಅವರ ಕಾಂಪೌಂಡರನಾದ ನಾನೊಬ್ಬನೇ. ಟ್ರಂಕಿನಲ್ಲಿ ಅಯೋಡಿನ್, ಬ್ಯಾಂಡೇಜು, ನೋವಿನ ಮುಲಾಮು, ತುಟಿ ಹಿಮ್ಮಡಿ ಒಡೆದರೆ ಹಚ್ಚಲು ಮುರುಗಲ ತುಪ್ಪದ ಉಂಡೆ.

ಸಾಗರದಿಂದ ಹೊಸನಗರಕ್ಕೆ ಹದಿನಾಲ್ಕಾಣೆ ಚೀಟಿ. ಬಸ್ಸಿಗೂ ನಮ್ಮಷ್ಟೇ ಚಳಿ. ದಾರಿಯ ಏರಿನಲ್ಲಿ ನಿಂತದ್ದು ಮತ್ತೆ ಹೊರಡಲಿಲ್ಲ. ಎಲ್ಲರೂ ಇಳಿದು ನೂಕಿದೆವು. ಅದು ಹೊರಟಿತು; ತಿಮ್ಮಪ್ಪ ಜಲ್ಲಿಯ ಮೇಲೆ ಕಾಲು ಹೊರಳಿಸಿಕೊಂಡು ಕೂತ. ತಂಡದಲ್ಲಿ ಸಾಹೇಬರ ಕಣ್ಣಿಗೆ ಬೀಳುವಂಥ ಆಟಗಾರ ಅವನೊಬ್ಬನೇ.

ಹೊಸನಗರದ ಹೋಟೆಲಿನ ಬೆಂಚಿನ ಮೇಲೆ ಡಾಕ್ಟರು ಪಟ್ಟಿ ಕಟ್ಟಿದರು. ಅದಕ್ಕೆ ಮೊದಲು, ಎಂದಿನಂತೆ, "ನಾಲಿಗೆ ಚಾಚು" ಅಂದರು. ಅವರಿಗೆ ತಲೆನೋವೂ ನಾಲಿಗೆಯಲ್ಲೇ, ಕಾಲು ಉಳುಕಿದ್ದೂ ನಾಲಿಗೆಯಲ್ಲೇ.

"ನಾಳೆ ಆಡಬಹುದಾ ಸಾರ್?" ಎಂದ ತಿಮ್ಮಪ್ಪ.

"ಬೆಳಗ್ಗೆ ನೋಡಿ ಹೇಳ್ತೀನಿ. ಅಲ್ಲೀವರೆಗೆ ಕಾಲು ಊರಬೇಡ."

ತೀರ್ಥಹಳ್ಳಿಯ ದಾರಿಯುದ್ದಕ್ಕೂ ನಾನು ಕಂಡಕ್ಟರ ದನಿ, ಹೋಟೆಲ್ ಭಟ್ಟರ ದನಿ, ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಡಾಕ್ಟರ ದನಿ ತೆಗೆದು ಹುಡುಗರನ್ನು ನಗಿಸಿದೆ. ತಿಮ್ಮಪ್ಪನೂ ನಕ್ಕ. ಅದೇ ಕೆಟ್ಟದ್ದಾಯಿತು.

ನಾವು ಶಾಲೆಯೊಂದರಲ್ಲಿ ತಂಗಿದೆವು, ಡಾಕ್ಟರು ನೆಂಟರ ಮನೆಯಲ್ಲಿ. ಬೆಳಗ್ಗೆ ಎದುರಿನ ಮನುಷ್ಯ ಕಾಣದಷ್ಟು ಮಂಜು. ತಿಮ್ಮಪ್ಪ ಒಳಗೆ ಕಂಬಳಿ ಹೊದ್ದು, "ಡಾಕ್ಟ್ರು ಬಂದ್ರಾ?" ಎಂದು ಹೋಗಿಬರುವವರನ್ನೆಲ್ಲ ಕೇಳುತ್ತಿದ್ದ. ಜಗಲಿಯಲ್ಲಿ ಮುಖ ತೊಳೆಯುತ್ತಿದ್ದ ನಾನು ಡಾಕ್ಟರ ಹಾಗೆ ಮೂಗಿನಲ್ಲಿ ಅಂದೆ: "ನಾಲಿಗೆ ಚಾಚು. ಹ್ಞೂಂ, ಆಡಬಹುದು, ಹೋಗು."

ನಗು ಕೇಳಿಸಬೇಕಿತ್ತು, ಕೇಳಿಸಲಿಲ್ಲ. ಒಳಗೆ ಹೋಗಿ ನೋಡಿದರೆ ಕಂಬಳಿ ಮಾತ್ರ ಇತ್ತು. ಹಿಂಬಾಗಿಲು ತೆರೆದಿತ್ತು.

ಹೊಳೆದಂಡೆಯಲ್ಲಿ ಅವನನ್ನು ಹಿಡಿದೆ. "ತಿಮ್ಮಪ್ಪ, ಅದು ನಾನು ಮಾರಾಯ. ಡಾಕ್ಟ್ರು ಇನ್ನೂ ಎದ್ದೇ ಇಲ್ಲ."

"ಹೋಗಾ. ನಾನು ಆಡಿ, ಸಾಹೇಬ್ರು ನನ್ನ ಆರಿಸ್ಕಂಡ್ರೆ ನಿಂಗೆ ಹೊಟ್ಟೆಉರಿ. ಡಾಕ್ಟ್ರು ಹೇಳಿದ್ದು ನನ್ ಕಿವಿಯಾರೆ ಕೇಳೀನಿ."

ನಾನು ಸತ್ಯ ಹೇಳಿದ್ದು ಅಪರೂಪ, ನಂಬುವವರು ಅದಕ್ಕಿಂತ ಅಪರೂಪ. ಓಡಿಹೋಗಿ ಡಾಕ್ಟರನ್ನು ಮಫ್ಲರ್ ಸಮೇತ ಎಬ್ಬಿಸಿಕೊಂಡು ಬಂದೆ. ಅಷ್ಟರಲ್ಲಿ ಆಟ ಶುರುವಾಗಿತ್ತು. ತಿಮ್ಮಪ್ಪ ನಡುಗೆರೆಯ ಹತ್ತಿರ ಒಂಟಿಕಾಲಿನ ಮೇಲೆ ಭಾರ ಹಾಕಿ, ಎದುರಾಳಿಗಳತ್ತ ಕಣ್ಣು ನೆಟ್ಟು ನಿಂತಿದ್ದ.

"ತಿಮ್ಮಪ್ಪ, ಈಚೆ ಬಾ. ಆಡಬೇಡ," ಎಂದರು ಡಾಕ್ಟರು ಅವನ ಬೆನ್ನ ಹಿಂದಿನಿಂದ.

ಅವನು ತಿರುಗಲೇ ಇಲ್ಲ. "ಈ ಸಲ ಸರಿ ಬರ್ಲಿಲ್ಲ ಕಣಾ. ಇನ್ನೂ ಸ್ವಲ್ಪ ಮೂಗಲ್ಲಿ ಹೇಳ್ಬೇಕು."

ದಂಡೆಯವರೆಲ್ಲ ನಕ್ಕರು. ಡಾಕ್ಟರು ಶೂ ಹಾಕಿದ ಕಾಲಲ್ಲೇ ಅಂಗಳಕ್ಕೆ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟರು. ತಿರುಗಿ ನೋಡಿದ ತಿಮ್ಮಪ್ಪ ಅಲ್ಲೇ ಮರಳಿನ ಮೇಲೆ ಕೂತ. ಪಟ್ಟಿ ಬಿಚ್ಚಿದಾಗ ಪಾದ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

ಪಂದ್ಯ ಸೋತೆವು. ಸಾಹೇಬರು ತೀರ್ಥಹಳ್ಳಿಯ ಇಬ್ಬರು ಹುಡುಗರನ್ನು ಆರಿಸಿ, ಕಾಫಿ ಕುಡಿದು, ಜೀಪು ಹತ್ತಿದರು. ತಿಮ್ಮಪ್ಪನ ಕಡೆ ನೋಡಿದರು. ಕೂತವನನ್ನು ಯಾರು ಆರಿಸುತ್ತಾರೆ?

ಡಾಕ್ಟರು ನನ್ನನ್ನು ಬೈಯಲಿಲ್ಲ. ಮರಳಿ ಬಸ್ಸು ಹತ್ತುವಾಗ ಮಾತ್ರ ಕೇಳಿದರು: "ನಾನು ಮೂಗಲ್ಲಿ ಮಾತಾಡ್ತೀನೇನೋ?"

"ಇಲ್ಲ ಸಾರ್," ಅಂದೆ. ಹಾಳಾದ್ದು, ಅದೂ ಮೂಗಿನಲ್ಲೇ ಬಂತು.

ಹೊಸನಗರ ದಾಟುವವರೆಗೂ ತಿಮ್ಮಪ್ಪನ ಕಾಲು ನನ್ನ ತೊಡೆಯ ಮೇಲಿತ್ತು. ಮುಲಾಮು ಹಚ್ಚುತ್ತ ಕೂತಿದ್ದೆ. ಅವನು ಕಿಟಕಿಯಾಚೆ ನೋಡುತ್ತಿದ್ದ. ಕಡೆಗೆ ತಡೆಯಲಾರದೆ, "ತಪ್ಪಾಯ್ತು ಮಾರಾಯ. ನಾನೇನು ಮಾಡ್ಲಿ, ನೀನೇ ಹೇಳು," ಅಂದೆ.

"ಆ ಆರಿಸೋ ಸಾಹೇಬ್ರ ದನಿ ಬತ್ತದಾ ನಿಂಗೆ?"

"ಅವರು ಬಾಯಿ ಬಿಟ್ಟದ್ದೇ ಕೇಳಿಲ್ಲ. ಬರಲ್ಲ."

"ಹಂಗಾರೆ ಬಾಯಿ ಮುಚ್ಕಂಡು ಕಾಲು ತಿಕ್ಕು."