ಬಾರದ ಅತಿಥಿಯ ಭಾಷಣ

ಪತ್ರಿಕೋದ್ಯಮ ಓದುವ ಮಕ್ಕಳ ಮುಂದೆ ಮಾತನಾಡಲು ಹೋದಾಗಲೆಲ್ಲ ನನ್ನ ಪರಿಚಯ ಓದುತ್ತಾರೆ: ಹನ್ನೆರಡು ವರ್ಷ ವರದಿಗಾರ್ತಿ, ಆಮೇಲೆ ಮುಖ್ಯ ವರದಿಗಾರ್ತಿ, ಈಗ ಕಾಲೇಜೊಂದರ ಸಂಪರ್ಕಾಧಿಕಾರಿ. ಇವೆಲ್ಲ ಮೈಲಿಗಲ್ಲುಗಳಂತೆ. ನಾನು ಎಡವಿ ಬಿದ್ದದ್ದನ್ನು ಯಾರೂ ಓದುವುದಿಲ್ಲ, ನಾನೂ ಬರೆದುಕೊಟ್ಟಿಲ್ಲ.

ಹುಬ್ಬಳ್ಳಿಯ ಆ ಖಾಸಗಿ ಕಾಲೇಜಿಗೆ ಸೇರಿ ಆರು ತಿಂಗಳಾಗಲು ಒಂದೇ ವಾರ ಬಾಕಿ ಇತ್ತು. ಆರು ತುಂಬಿದರೆ ಕೆಲಸ ಕಾಯಂ. ಅಷ್ಟರಲ್ಲಿ ಹೊಸ ಗ್ರಂಥಾಲಯದ ಉದ್ಘಾಟನೆ ಬಂತು. ಉದ್ಘಾಟಕರು ಧಾರವಾಡದ ನಿವೃತ್ತ ಪ್ರಾಧ್ಯಾಪಕರು. "ಇವತ್ತಿನ ಸಂಜಿ ಪೇಪರಿನ್ಯಾಗ ಸುದ್ದಿ ಬರಬೇಕ ನೋಡ್ರಿ," ಎಂದು ಕಾಲೇಜಿನ ಅಧ್ಯಕ್ಷರು ಅಂದು ಬೆಳಿಗ್ಗೆಯೇ ಹೇಳಿದ್ದರು.

ಸಂಜೆ ಪತ್ರಿಕೆಯ ಪುಟ ಮಧ್ಯಾಹ್ನ ಹನ್ನೆರಡಕ್ಕೆ ಅಚ್ಚಿಗೆ ಹೋಗುತ್ತದೆ. ಸಮಾರಂಭ ಇದ್ದದ್ದು ಹನ್ನೊಂದಕ್ಕೆ. ಅದಕ್ಕೇ ನಾನು ಹತ್ತಕ್ಕೇ ಪತ್ರಿಕಾ ಪ್ರಕಟಣೆ ಬರೆದು, ಆ ಪತ್ರಿಕೆಯ ವರದಿಗಾರ್ತಿಗೆ ವಾಟ್ಸಾಪ್ ಮಾಡಿದೆ. ಇನ್ನೂ ಆಗದ ಕಾರ್ಯಕ್ರಮಕ್ಕೆ 'ಮಾತನಾಡಿದರು' ಎಂದು ಬರೆದಿಡುವುದು ನಮ್ಮ ಕಸುಬಿನ ಹಳೆಯ ಚಾಳಿ. ಓದುವ ಹವ್ಯಾಸ ಬೆಳೆಯಬೇಕು, ಮೊಬೈಲ್ ದೂರವಿಡಬೇಕು ಎಂದು ಪ್ರಾಧ್ಯಾಪಕರ ಬಾಯಲ್ಲಿ ಹಾಕಿದ್ದೆ. ಯಾರ ಬಾಯಲ್ಲಿ ಹಾಕಿದರೂ ಹೊಂದುವ ಮಾತುಗಳು. ಆ ಹುಡುಗಿಗೆ ಕೆಲಸ ಕಲಿಸಿದವಳು ನಾನೇ. "ಬಂತ್ರಿ ಅಕ್ಕಾರ," ಎಂದಷ್ಟೇ ಉತ್ತರ ಕಳಿಸಿದಳು, ಏನೂ ಕೇಳಲಿಲ್ಲ.

ಹನ್ನೊಂದೂವರೆಯಾದರೂ ಪ್ರಾಧ್ಯಾಪಕರು ಬರಲಿಲ್ಲ. ಧಾರವಾಡದಿಂದ ಬರುವ ದಾರಿಯಲ್ಲಿ, ಭೈರಿದೇವರಕೊಪ್ಪದ ಹತ್ತಿರ ಗಾಡಿ ಸಿಕ್ಕಿಕೊಂಡಿರಬೇಕು ಎಂದು ಎಲ್ಲರಿಗೂ ಹೇಳಿದೆ, ನನಗೂ ಹೇಳಿಕೊಂಡೆ. ನಾಲ್ಕನೇ ಸಲ ಫೋನ್ ಮಾಡಿದಾಗ ಅವರ ಸೊಸೆ ಎತ್ತಿದರು. "ಮಾವಾರಿಗೆ ಬಿ.ಪಿ. ಭಾಳ ಏರೇತ್ರಿ. ಹಾಸಿಗಿ ಬಿಟ್ಟ ಏಳಬ್ಯಾಡ ಅಂದಾರ ಡಾಕ್ಟರು."

ಗಡಿಯಾರದಲ್ಲಿ ಹನ್ನೊಂದೂ ನಲವತ್ತು. ಆ ಹುಡುಗಿಗೆ ಒಂದು ಮಾತು ಹೇಳಿದ್ದರೆ ಸುದ್ದಿ ತೆಗೆಯುತ್ತಿದ್ದಳು. ತೆಗೆದರೆ ಅಧ್ಯಕ್ಷರಿಗೆ ಏನು ಹೇಳಲಿ? ಮೊದಲ ದೊಡ್ಡ ಕೆಲಸವನ್ನೇ ಕೆಡಿಸಿದವಳನ್ನು ಕಾಯಂ ಮಾಡುತ್ತಾರೆಯೇ? ಫೋನ್ ಹಿಡಿದು ಕಾರಿಡಾರಿನಲ್ಲಿ ಅತ್ತಿಂದಿತ್ತ ಓಡಾಡಿದೆ. ಸಂಜೆ ಪತ್ರಿಕೆಯ ಒಳಪುಟ ಯಾರು ಅಷ್ಟು ಗಮನವಿಟ್ಟು ಓದುತ್ತಾರೆ ಎಂದುಕೊಂಡೆ. ಹನ್ನೆರಡು ಹೊಡೆಯಿತು. ಒಳಗೆ ಪ್ರಾಚಾರ್ಯರೇ ರಿಬ್ಬನ್ ಕತ್ತರಿಸಿ ಕಾರ್ಯಕ್ರಮ ಮುಗಿಸಿದ್ದರು.

ಓದುವವರು ಇದ್ದರು. ಪ್ರಾಧ್ಯಾಪಕರನ್ನು ನೋಡಲು ಬಂದ ನೆಂಟರು ಅದೇ ಪತ್ರಿಕೆ ಹಿಡಿದುಕೊಂಡು ಬಂದಿದ್ದರಂತೆ. ಪ್ರಾಧ್ಯಾಪಕರು ಮಲಗಿದಲ್ಲಿಂದಲೇ ಪತ್ರಿಕೆಯ ಸಂಪಾದಕರಿಗೆ ಫೋನ್ ಹಚ್ಚಿಸಿ, "ಮಂಚದ ಮ್ಯಾಲ ಮಲಗಿದಾಂವ ಹುಬ್ಬಳ್ಳ್ಯಾಗ ಹೆಂಗ ಭಾಷಣ ಮಾಡಿದ್ನಿ, ಹೇಳ್ರಿ?" ಎಂದು ಕೇಳಿದರಂತೆ.

ಮರುದಿನ ಪತ್ರಿಕೆಯಲ್ಲಿ ವಿಷಾದ ಪ್ರಕಟವಾಯಿತು. ಮಧ್ಯಾಹ್ನ ಆ ಹುಡುಗಿಯ ಫೋನ್ ಬಂದಾಗ ಎತ್ತಲೋ ಬೇಡವೋ ಎಂದು ಸುಮಾರು ಹೊತ್ತು ನೋಡಿದೆ. ಎತ್ತಿದೆ.

"ವರದಿಗಾರಿಕಿ ಬಿಡಿಸ್ಯಾರ್ರಿ ಅಕ್ಕಾರ. ಜಾಹೀರಾತು ತಿದ್ದಾಕ ಕುಂದ್ರಿಸ್ಯಾರ." ಆಮೇಲೆ ಧ್ವನಿ ತಗ್ಗಿಸಿ ಹೇಳಿದಳು, "ನಿಮ್ಮ ಹೆಸರ ಹೇಳಿಲ್ರಿ. ಆಮಂತ್ರಣ ಪತ್ರಿಕಿ ನೋಡಿ ನಾನ ಬರದ್ನಿ ಅಂದೇನಿ."

ಖರೇ ಹೇಳುತ್ತೇನೆ, ಅದನ್ನು ಕೇಳಿ ನನಗೆ ಮೊದಲು ಆದದ್ದು ಸಮಾಧಾನ. ನಾಚಿಕೆ ಆಮೇಲೆ ಬಂತು. ಅವಳ ಸಂಪಾದಕರ ಹತ್ತಿರ ಹೋಗಿ ತಪ್ಪು ನನ್ನದು ಎನ್ನಬೇಕೆಂದು ದಿನಾ ಅಂದುಕೊಂಡೆ. ಕಾಯಂ ಆದ ಪತ್ರ ಕೈಗೆ ಬರಲಿ, ಆಮೇಲೆ ಹೋದರಾಯಿತು ಎಂದು ಮುಂದೂಡಿದೆ. ಪತ್ರ ಬಂತು. ನಾನು ಹೋಗಲಿಲ್ಲ.

ನಾಲ್ಕು ತಿಂಗಳ ನಂತರ ಅವಳನ್ನು ಮತ್ತೆ ವರದಿಗೆ ಹಾಕಿದರು. ಈಗಲೂ ನನ್ನನ್ನು ಅಕ್ಕಾರ ಎಂದೇ ಕರೆಯುತ್ತಾಳೆ, ಮನೆಯವರ ಕ್ಷೇಮ ಕೇಳುತ್ತಾಳೆ. ಆದರೆ ನಾನು ಯಾವ ಪ್ರಕಟಣೆ ಕಳಿಸಿದರೂ ಎರಡೇ ನಿಮಿಷದಲ್ಲಿ ಅವಳ ಫೋನ್ ಬರುತ್ತದೆ.

"ಅಕ್ಕಾರ, ಇದು ಆಗೇತ್ರಿ?"