ಚಾದರದ ಮಡಿಕ್ಯಾಗ ನಿಂತ ದಾಳ

ನಿನ್ನೆ ಕಪಾಟು ಝಾಡಿಸುವಾಗ ಹಳದಿ ಚೀಲೊಂದು ಕೈಗೆ ಸಿಕ್ತು. ಬಿಚ್ಚಿದ ಕೂಡಲೇ ಭಂಡಾರದ ವಾಸನಿ ಮೂಗಿಗೆ ಬಡೀತು. ಬೀರೋಬಾನ ಗುಡ್ಯಾಗ ಹಣಿಗೆ ಹಚ್ಚತಾರಲ್ಲ, ಅದೇ ಅರಿಷಿಣಪುಡಿ. ಆದ್ರ ಒಳಗಿದ್ದದ್ದು ದೇವರ ಸಾಮಾನಲ್ಲ, ಇಪ್ಪತ್ತು ಮುಖದ ಒಂದು ದಾಳ. ಅಂಕಿಗಳ ಗೀರಿನ್ಯಾಗೆಲ್ಲ ಹಳದಿ ಕೂತಿತ್ತು. ಅಯ್ಯ, ನಮ್ಮ ಗಣಿತದ ಸರ್ ಅವರದು...

ಸರ್ ನನಗ ಸಾಲ್ಯಾಗ ಕಲಿಸಿದವ್ರು. ರಿಟೈರ್ ಆದಮ್ಯಾಲ ಸೋಲಾಪುರದಾಗ ಇದ್ರು. ನಾ ಪ್ರತಿ ಐತವಾರ ಅಕ್ಕಲಕೋಟದಿಂದ ಎಸ್.ಟಿ. ಬಸ್ ಹಿಡದು ಅವರ ಮನೀಗೆ ಆಟಕ್ಕ ಹೋಗತಿದ್ದೆ. ತಹಸೀಲ ಕಚೇರ್ಯಾಗ ಫೈಲ್ ನೋಡೂ ಹೆಣ್ಣಮಗಳು ಐತವಾರಕ್ಕೊಮ್ಮೆ ಕತ್ತಿ ಹಿಡದು ರಾಕ್ಷಸರ ಬೆನ್ನ ಹತ್ತತಾಳ ಅಂದ್ರ ಯಾರು ನಂಬತಾರ? ಮನ್ಯಾಗ ಕಂಪ್ಯೂಟರ್ ಕ್ಲಾಸ್ ಅಂತ ಹೇಳಿದ್ದೆ.

ಆಟ ಅಂದ್ರ ಇಷ್ಟ ನೋಡ್ರಿ. ಎಲ್ಲೂ ಇಲ್ಲದ ಒಂದು ದೇಶದ ಕತಿ ಸರ್ ಹೇಳತಿದ್ರು. ಅವರ ಕೈಯಾಗ ಕಲತ ನಾವು ಮೂರು ಮಂದಿ ಆ ದೇಶದಾಗ ಒಬ್ಬೊಬ್ಬರಾಗಿ, ಈಗ ನಾ ಏನ್ ಮಾಡತೀನಿ ಅಂತ ಹೇಳಬೇಕು. ಆಗತದೋ ಇಲ್ಲೋ ಅಂತ ಸಂಶಯ ಬಂದ್ರ ದಾಳ ಒಗೀಬೇಕು. ನಾ ಕುರಿ ಕಾಯೂ ಗಟ್ಟಿಗಿತ್ತಿ ಆಗಿದ್ದೆ. ಆರು ವರ್ಷ ಆಕಿನ್ನ ಸಾಕಿದ್ದೆ.

ಹಳೇ ವಿದ್ಯಾರ್ಥಿ ಒಬ್ಬ ಪುಣೆದಿಂದ ಈ ಆಟದ ದಪ್ಪ ಇಂಗ್ಲಿಷ್ ಪುಸ್ತಕ ತಂದುಕೊಟ್ಟಿದ್ದ. ಅದನ್ನ ತಗದಾಗೆಲ್ಲ ಸರ್ ಉರದುಬೀಳತಿದ್ರು. “ಒಂದು ಬಾಣ ಬಿಡಾಕ ಐದು ಅಂಕಿ ಕೂಡಸಬೇಕಂತ! ಅಷ್ಟೊತ್ತಿಗೆ ರಾಕ್ಷಸ ಚಾ ಕುಡದು ಮನೀಗೆ ಹೋಗಿರತಾನ.” ಅವರ ನಿಯಮ ಎರಡ. ಬಾಯಿಲೆ ಬಗೆಹರಿಯೂದಕ್ಕ ದಾಳ ಮುಟ್ಟಬಾರದು. ಮುಟ್ಟಿದ್ರ, ಬಂದದ್ದನ್ನ ಒಪ್ಪಬೇಕು, ಮತ್ತೊಮ್ಮೆ ಒಗಿಯೂದಿಲ್ಲ. ಅವರ ಮನೆತನದಾಗ ಲಗ್ನ ಇರಲಿ, ಹೊಲ ಇರಲಿ, ಬೀರೋಬಾನ ಮುಂದ ಹೂ ಹಚ್ಚಿ, ಯಾವ ಕಡೆ ಹೂ ಬೀಳತದೋ ಅದ ದೇವರ ಮಾತಂತ ಕೌಲ ಕೇಳತಿದ್ರು. ಕೇಳಿದ್ದನ್ನ ತಿರುಗಿ ಕೇಳತಿರಲಿಲ್ಲ. ಅದಕ್ಕ ದಾಳಾನೂ ಭಂಡಾರದ ಚೀಲದಾಗ. ಆಟಕ್ಯಾಕ ದೇವರು ಅಂತ ನಾ ವಾದ ಹಾಕತಿದ್ದೆ. ಸರ್ ನಗತಿದ್ರು.

ನಮ್ಮ ಶ್ಯಾಣೇತನ ನೋಡ್ರಿ, ಗಟ್ಟಿ ಫರಸಿ ನೆಲ ಬಿಟ್ಟು ದಪ್ಪ ಸೋಲಾಪುರ ಚಾದರ ಹಾಸಿ ಅದರ ಮ್ಯಾಲ ದಾಳ ಒಗೀತಿದ್ವಿ. ಆ ಊರಾಗ ಎದಕ್ಕೂ ಚಾದರನ ಬೇಕು.

ಒಂದು ಐತವಾರ ನನ್ನ ಕುರಿಗಾರ್ತಿ ಹರಕ ಹಗ್ಗದ ಸೇತುವಿ ಹಿಡದು ನಿಂತು, ಉಳದವರನ್ನ ಹೊಳಿ ದಾಟಿಸಿ, ತಾನು ಕೆಳಗ ಬಿದ್ಲು. ಹತ್ತಕ್ಕಿಂತ ಹೆಚ್ಚು ಬಿದ್ರ ಬದುಕತಾಳ, ಇಲ್ಲಂದ್ರ ಸಾಯತಾಳ. ದಾಳ ಒಗದೆ. ಅದು ಉರುಳಿ ಚಾದರದ ಮಡಿಕ್ಯಾಗ ಹೋಗಿ ಓರೆ ನಿಂತಬಿಡ್ತು. ಒಂದು ಕಡೆ ಹತ್ತೊಂಬತ್ತು, ಇನ್ನೊಂದು ಕಡೆ ಒಂದು.

“ಮತ್ತ ಒಗೀತೀನ್ರಿ ಸರ್. ಪುಸ್ತಕದಾಗ ಹಂಗ ಅದ.”

“ಕೌಲ ಎರಡ ಸಲ ಕೇಳಬಾರದವಾ.”

“ಹಂಗಾದ್ರ ಆಕಿ ಸತ್ತಳೋ, ಬದುಕಿದಳೋ?”

ಎಂಥಾ ಲೆಕ್ಕಕ್ಕೂ ತಡವರಿಸದ ಸರ್ ದಾಳ ನೋಡಕೋತ ಕೂತ್ರು. ಗೊತ್ತಿಲ್ಲ, ಬರೂ ಐತವಾರ ಹೇಳತೀನಿ ಅಂದ್ರು. ನನಗ ಸಿಟ್ಟು ನೆತ್ತಿಗೇರ್ತು. ನಿಯಮ ಮೊದಲ ಇರಬೇಕ್ರಿ, ಆಮ್ಯಾಲ ಮಾಡಿದ್ರ ಅದು ನಿಮ್ಮ ಮರ್ಜಿ, ಅಂತ ಅಂದುಬಿಟ್ಟೆ. ಚಾ ಸುದ್ದಾ ಕುಡೀಲಿಲ್ಲ, ಬಸ್ ಸ್ಟ್ಯಾಂಡಿಗೆ ನಡದೆ. ಬಸ್ಸು ದಾರ್ಯಾಗಿನ ವಳಸಂಗ ದಾಟೂ ತನಕ ನಂದ ಖರೆ ಅಂತಿದ್ದೆ. ಆಮ್ಯಾಲ ಯಾಕೋ...

ಗುರುವಾರ ಸರ್ ಹೋದ್ರು. ಮಲಗಿದವ್ರು ಏಳಲೇ ಇಲ್ಲಂತ.

ದಿನಕರ್ಮ ಮುಗದಮ್ಯಾಲ ಅವರ ಮನಿಯವ್ರು ಈ ಚೀಲಾ, ಸರ್ ಆಟದ ನಿಯಮ ಬರೀತಿದ್ದ ಒಂದು ವಹಿ ನನ್ನ ಕೈಯಾಗ ಇಟ್ಟು, ನಿಂಗ ಕೊಡಬೇಕಂತಿದ್ರವಾ ಅಂದ್ರು. ನಾಚಿಕಿಗೋ ಅಂಜಿಕಿಗೋ, ವಹಿ ನಾ ತಗದೇ ಇರಲಿಲ್ಲ. ನಿನ್ನೆ ತಗದೆ. ಕೊನೇ ಹಾಳ್ಯಾಗ, ಕರಿಹಲಗಿ ಮ್ಯಾಲಿನ ಅವೇ ಗುಂಡು ಅಕ್ಷರ. ‘ದಾಳ ಓರೆ ನಿಂತ್ರ: ಮತ್ತ ಒಗೀಬೇಕು.’ ಹೊಡದು ಹಾಕ್ಯಾರ. ‘ಸತ್ತಂಗ.’ ಅದನ್ನೂ ಹೊಡದಾರ. ‘ಬದುಕಿದಂಗ.’ ಅದನ್ನೂ. ಕೆಳಗ, ಹೊಡೀದ ಉಳದದ್ದು ಒಂದ ಸಾಲು: ‘ಐತವಾರ ಆಕಿನ್ನ ಕೇಳಬೇಕು.’

ಇದೆಂಥಾ ನಿಯಮ್ರಿ? ಆಡವರನ್ನ ಕೇಳಿದ್ರ ಯಾರರ ಸಾಯತೀನಿ ಅಂತಾರೇನು? ಮತ್ತ ದಾಳ ಯಾಕ ಬೇಕು? ಇಲ್ಲಾ, ನಾ ಸಿಟ್ಟಿಗೆದ್ದೆ ಅಂತ ನನ್ನ ಸಲುವಾಗಿ ತಮ್ಮ ನಿಯಮ ಮುರಿಯಾಕ ಹೊಂಟಿದ್ರೋ? ಒಂದೂ ತಿಳೀವಲ್ದು. ಅವತ್ತು ಹಂಗ ಅನಬಾರದಿತ್ತು ಅನ್ನೂದಷ್ಟ ತಿಳೀತದ.

ಇವತ್ತು ಚಾದರ ಹಾಸಿ, ದಾಳ ಅದೇ ಥರ ಮಡಿಕ್ಯಾಗ ಓರೆ ನಿಲ್ಲಿಸೀನಿ. ಹತ್ತೊಂಬತ್ತು, ಒಂದು. ಕುರಿಗಾರ್ತಿ ಇನ್ನೂ ಹೊಳ್ಯಾಗ ಇದ್ದಾಳ. ಬದುಕಲಿ ಅನ್ನೂದು ಬಾಯಿ ತನಕ ಬಂದದ... ಆದ್ರ ಕೇಳವ್ರ ಇಲ್ಲಲ್ರಿ, ಸರ್.