ಗೂಡಲೂರಿನ ಕಂಪ್ಯೂಟರ್ ಅಕ್ಕ

ಗೂಡಲೂರು ಬಸ್ ಸ್ಟ್ಯಾಂಡಿನ ಹಿಂದಿದ್ದ ಕಂಪ್ಯೂಟರ್ ಅಂಗಡಿಯ ಅಕ್ಕ, ರಿಪೇರಿಗೆ ಯಾವ ಕಂಪ್ಯೂಟರಿನ ಕ್ಯಾಬಿನೆಟ್ ಬಂದರೂ ಮೊದಲು ಅದರ ಮೇಲೆ ಅಂಗೈ ಇಡುತ್ತಿದ್ದರು, ಮಗುವಿನ ಜ್ವರ ನೋಡುವ ಹಾಗೆ. ಆಮೇಲೆ ಒಂದೇ ಮಾತು: "ಇರೋದನ್ನ ಮೊದ್ಲು ನೋಡುವಾ."

ಮಸಿನಗುಡಿಯಲ್ಲಿ ಮದುವೆ ವಿಡಿಯೋ ಮಾಡುವ ನಾನು, ಎಡಿಟಿಂಗ್ ಮಾಡುವ ನನ್ನ ಕಂಪ್ಯೂಟರಿಗೆ ಹೊಸ ಪ್ರೊಸೆಸರ್, ಹೊಸ ಮದರ್‌ಬೋರ್ಡ್ ಎರಡೂ ಬೇಕೆಂದು ಹೋಗಿದ್ದೆ. ಕೈಯಲ್ಲಿದ್ದ ದುಡ್ಡಿಗೆ ಎರಡೂ ಕಳಪೆಯವೇ ಬರುತ್ತಿದ್ದವು. ಅಕ್ಕ ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದರು.

"ಬೋರ್ಡು ಗಟ್ಟಿಯಾಗೇ ಇದೆ ತಮ್ಮಾ. ಪ್ರೊಸೆಸರ್ ಮಾತ್ರ ಒಳ್ಳೇದು ಹಾಕುವಾ."

ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರಿನ ಗುರುತು ಸಿಗಬೇಕಾದರೆ ಅದರೊಳಗಿನ ಬಯಾಸ್ ಎಂಬ ತಂತ್ರಾಂಶವನ್ನು ಅಪ್‌ಡೇಟ್ ಮಾಡಬೇಕು. ನಡುವೆ ಕರೆಂಟ್ ಹೋದರೆ ಬೋರ್ಡ್ ಸತ್ತಂತೆಯೇ. ಕೆಲಸ ಅರ್ಧಕ್ಕೆ ಬಂದಿತ್ತು, ಗಾಳಿಗೆ ಎಲ್ಲಿ ಮರ ಬಿತ್ತೋ ಏನೋ, ಕರೆಂಟ್ ಹೋಯಿತು. ಅಂಗಡಿಯ ಹಳೇ ಯುಪಿಎಸ್ ಕೂಗತೊಡಗಿತು. ಎರಡು ಕಂಪ್ಯೂಟರಿನ ಭಾರ ಹೊರುವ ಶಕ್ತಿ ಅದಕ್ಕಿರಲಿಲ್ಲ. ಅಕ್ಕ ಎದ್ದು, ಟೀ ಫ್ಯಾಕ್ಟರಿಯೊಂದಕ್ಕಾಗಿ ಬೆಳಗಿನಿಂದ ಟೈಪ್ ಮಾಡುತ್ತಿದ್ದ ತಮ್ಮ ಕಂಪ್ಯೂಟರಿನ ವೈರನ್ನೇ ಕಿತ್ತುಬಿಟ್ಟರು. ಸೇವ್ ಮಾಡಲೂ ನಿಲ್ಲಲಿಲ್ಲ.

ನನ್ನ ಬೋರ್ಡ್ ಉಳಿಯಿತು.

"ಅಕ್ಕಾ, ನಿಮ್ಮ ಕೆಲಸ ಹೋಯ್ತಲ್ಲ?"

"ನಂದು ಮತ್ತೆ ಟೈಪ್ ಮಾಡಿದ್ರೆ ಬರುತ್ತೆ," ಎಂದರು, ನನ್ನ ಕ್ಯಾಬಿನೆಟ್ಟಿನ ಮೇಲೆ ಅಂಗೈ ಇಡುತ್ತಾ.

ಆಮೇಲೆ ಅಕ್ಕ ಅಂಗಡಿ ಬಿಟ್ಟು ಪಂದಲೂರಿನ ಕಡೆ ಹೋದರಂತೆ. ನಮ್ಮೂರ ಮದುವೆಗಳು ಈಗಲೂ ಅದೇ ಬೋರ್ಡಿನ ಮೇಲೆ ನಡೆಯುತ್ತಿವೆ.